ತುಕ್ಕಿನ ಗಾಜಿನ ನಾಲ್ಕನೆಯ ಪುಸ್ತಕ

"ಈ ಅಕ್ಷರ ನಿನ್ನದು ಬಸು. ಅಲ್ಲ ಅಂತ ಮಾತ್ರ ಹೇಳ್ಬೇಡ ಮಾರಾಯ, ನಂಗೆ ಈ ಬಿಸಿಲಲ್ಲಿ ವಾದ ಮಾಡ್ಲಿಕ್ಕೆ ತ್ರಾಣ ಇಲ್ಲ."

ಉಮಾವತಿ ಹಸಿರು ರಟ್ಟಿನ ಪುಸ್ತಕವನ್ನು ಮೇಜಿನ ಮೇಲಿಟ್ಟು, ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ತಾನೇ ಎಳೆದುಕೊಂಡು ಕುಳಿತಳು. ಠಾಣೆಯ ವಾಗ್ಳೆ ಎಸ್ಟೇಟಿನ ಆ ಶೆಡ್ಡಿನಲ್ಲಿ ಫ್ಯಾನು ತಿರುಗುತ್ತಿತ್ತು. ತಗಡಿನ ಚಾವಣಿಯ ಬಿಸಿಯನ್ನು ಕೆಳಗೆ ಹಂಚುವುದಷ್ಟೇ ಅದರ ಕೆಲಸವಾಗಿತ್ತು. ಗೋಡೆಗೆ ಒರಗಿಸಿಟ್ಟ ಸೋಲಾರ್ ಪ್ಯಾನಲ್ಲುಗಳ ಮಧ್ಯೆ ಬಸವಕುಮಾರ್ ನಿಂತೇ ಇದ್ದ. ಬಂದವರು ಕೂತು, ಶೆಡ್ಡಿನ ಯಜಮಾನ ನಿಂತಿದ್ದಾನೆಂದರೆ ಅರ್ಧ ಕೆಲಸ ಆಯಿತೆಂದು ಉಮಾವತಿ ಲೆಕ್ಕ ಹಾಕಿದಳು.

"ಏನ್ ಮಾತಾಡ್ತೀರಿ ಅಕ್ಕಾರ? ಅದು ನಮ್ಮ ಕಾಕಾನ ಅಕ್ಷರ. ನೀವೇ ಇಪ್ಪತ್ತು ವರ್ಷ ನೋಡೀರಿ."

"ಇಪ್ಪತ್ತೆರಡು."

"ಮತ್ತ?"

"ಮತ್ತೆ ಎಂತ? ನಿಂಗೆ ಬರೀಲಿಕ್ಕೆ ಕಲಿಸಿದ್ದೂ ನಿನ್ನ ಕಾಕಾನೇ ಅಲ್ವಾ? ಅವರ ಕೈ ಹಿಡ್ಕೊಂಡೇ ನೀನು ತಿದ್ದಿದ್ದು."

ಬಸವಕುಮಾರ್ ಮೇಜಿನ ಮೇಲಿದ್ದ ಸ್ಕ್ರೂಡ್ರೈವರನ್ನು ಎತ್ತಿ, ಅಲ್ಲೇ ಇಟ್ಟ.

ಬಸವಕುಮಾರನ ಕಾಕಾ, ರಸಾಯನಶಾಸ್ತ್ರದ ಮೇಷ್ಟ್ರು ಹಣಮಂತ್ರಾಯರು ತೀರಿಕೊಂಡು ಎರಡು ವರ್ಷ ಕಳೆದಿದ್ದವು. ಅವರ ಶಿಷ್ಯೆ ಸ್ನೇಹಲಳ ಡಾಕ್ಟರೇಟನ್ನು ಉಳಿಸಬೇಕೋ ಕಿತ್ತುಕೊಳ್ಳಬೇಕೋ ಎಂಬುದನ್ನು ನೆರೂಳಿನ ಕಾಲೇಜಿನ ವಿಚಾರಣಾ ಸಮಿತಿ ಇವತ್ತು ಸಂಜೆ ಐದಕ್ಕೆ ತೀರ್ಮಾನಿಸಲಿತ್ತು, ಮತ್ತು ಹಣಮಂತ್ರಾಯರು ಪ್ರಯೋಗದ ಅಂಕಿ ಬರೆದಿಟ್ಟ ನಾಲ್ಕನೆಯ ಪುಸ್ತಕ ಎನ್ನುವ ಈ ಹಸಿರು ಪುಸ್ತಕ ಸಾಚಾ ಎಂದಾದರೆ ಸ್ನೇಹಲ್ ಬರೆದದ್ದೆಲ್ಲ ಸುಳ್ಳೆಂದು ಆಗುತ್ತಿತ್ತು. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಉಮಾವತಿಯ ಚೀಲದಲ್ಲಿ ಸಮಿತಿಗೆ ಬರೆದ ಒಂದು ಪತ್ರವಿತ್ತು: "ನಾಲ್ಕನೆಯ ಪುಸ್ತಕ ನಕಲಿ. ಅಸಲನ್ನು ಯಾರೋ ತೆಗೆದು ಇದನ್ನು ಇಟ್ಟಿದ್ದಾರೆ." ಕೆಳಗೆ ಎರಡು ಸಹಿ ಬೀಳಬೇಕಿತ್ತು, ನಕಲಿ ಬರೆದವನದೊಂದು, ಪತ್ತೆ ಹಚ್ಚಿದವಳದೊಂದು.

ಪತ್ತೆ ಹಚ್ಚುವುದು ಅವಳ ವೃತ್ತಿಯೇನಲ್ಲ. ಮೂವತ್ತು ವರ್ಷ ಅದೇ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಬೀಕರು ತೊಳೆದವಳು. ಯಾವ ಹುಡುಗ ಪ್ರಯೋಗ ಮಾಡಿ ಉತ್ತರ ಬರೆದಿದ್ದಾನೆ, ಯಾವನು ಪಕ್ಕದವನದನ್ನು ಇಳಿಸಿದ್ದಾನೆ ಎನ್ನುವುದು ಮೇಷ್ಟ್ರುಗಳಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು, ಏಕೆಂದರೆ ಇಳಿಸಿದವನ ಬೀಕರಿನಲ್ಲಿ ಕಲೆಯೇ ಇರುತ್ತಿರಲಿಲ್ಲ. ನಿವೃತ್ತಳಾದ ಮೇಲೆ ಡೊಂಬಿವಲಿಯ ತನ್ನ ಸೊಸೈಟಿಯಲ್ಲಿ ಕಳೆದುಹೋದ ಒಡವೆ, ಬದಲಾದ ಮೀಟರು ಅಂತ ಎರಡು ಮೂರು ಗುಟ್ಟು ಬಿಡಿಸಿದ್ದೇ ಸಾಕಾಗಿ, ಜನ ಹುಡುಕಿಕೊಂಡು ಬರತೊಡಗಿದ್ದರು.

"ಕೂತ್ಕೋ," ಎಂದಳು. "ಹೋದ ಆದಿತ್ಯವಾರ ನಾನು ನಿಮ್ಮ ಕಾಕು ಕಲ್ಲವ್ವಕ್ಕನ ಟೆರೇಸಿಗೆ ಹೋಗಿದ್ದೆ."

"ಯಾಕ?"

"ಗಾಜು ನೋಡ್ಲಿಕ್ಕೆ."

ಹಣಮಂತ್ರಾಯರು ಮಾಡಿದ ಗಾಜುಗಳಲ್ಲಿ ಒಂದು ಇನ್ನೂ ಉಳಿದಿತ್ತೆನ್ನುವುದೇ ಅವಳಿಗೆ ದೊಡ್ಡ ಸಂಗತಿ. ಹಣಮಂತ್ರಾಯರ ಹೆಂಡತಿ ಕಲ್ಲವ್ವ ಅದನ್ನು ತನ್ನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ, ಸ್ಟೀಲ್ ಟ್ರಂಕಿನ ತಳದಲ್ಲಿ ಇಟ್ಟಿದ್ದಳು. ಅಂಗೈ ಅಗಲದ ಗಾಜು, ಅದರ ಮೇಲೆ ಕೆಂಪು ಕಂದು ಬಣ್ಣದ ತೆಳ್ಳನೆಯ ಪದರ. ಬೇರೇನಲ್ಲ, ಕಬ್ಬಿಣದ ತುಕ್ಕು. ಊರೆಲ್ಲ ಉಜ್ಜಿ ಬಿಸಾಡುವ ತುಕ್ಕನ್ನು ಹಣಮಂತ್ರಾಯರು ಗಾಜಿಗೆ ಮೆತ್ತಿ, ಕುಲುಮೆಯಲ್ಲಿ ಸುಟ್ಟು, ಸೋಡಾಕ್ಷಾರದ ನೀರಿನಲ್ಲಿ ಮುಳುಗಿಸಿ ಬಿಸಿಲಿಗೆ ಹಿಡಿಯುತ್ತಿದ್ದರು. ಬಿಸಿಲು ಬಿದ್ದೊಡನೆ, ಒಂದು ಸಣ್ಣ ಬ್ಯಾಟರಿಯ ಆಸರೆಯಿಂದ, ತುಕ್ಕಿನ ಮೈಮೇಲೆ ನೀರು ಒಡೆದು ಆಮ್ಲಜನಕದ ಗುಳ್ಳೆ ಏಳುತ್ತಿತ್ತು. ಎಷ್ಟು ನೀರು ಒಡೆಯುತ್ತಿದೆ ಎನ್ನುವುದನ್ನು ಪಕ್ಕದ ಮೀಟರು ಕರೆಂಟಿನ ಲೆಕ್ಕದಲ್ಲಿ ಹೇಳುತ್ತಿತ್ತು. ನೀರು ಬಿಸಿಯಾದರೆ ಆ ಕರೆಂಟು ಏರುತ್ತದೋ ಇಳಿಯುತ್ತದೋ ಎನ್ನುವುದೇ ಅವರ ಪ್ರಯೋಗ.

ಅದು ಎರಡು ಸಾವಿರದ ನಾಲ್ಕು, ಐದನೆಯ ಇಸವಿ. ಡೊಂಬಿವಲಿಯಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಕೇಳುವ ಕಾಲವಲ್ಲ, ಯಾವಾಗ ಬರುತ್ತದೆ ಎಂದು ಕೇಳುವ ಕಾಲ. ಅದಕ್ಕೇ ನೀರು ಬಿಸಿ ಮಾಡಲು ಹೀಟರು ನಂಬುವಂತಿರಲಿಲ್ಲ. ಕಲ್ಲವ್ವ ಸ್ಟೋವಿನ ಮೇಲೆ ನೀರು ಕಾಯಿಸಿ ತಂಬಿಗೆಯಲ್ಲಿ ತಂದು ಕೊಡುತ್ತಿದ್ದಳು, ಹಿಂದೆಯೇ ರೊಟ್ಟಿ, ಶೇಂಗಾ ಚಟ್ನಿ. ಪಕ್ಕದ ಮನೆಯ ಮರಾಠಿ ಹೆಂಗಸರು ಹಪ್ಪಳ ಒಣಗಿಸಲು ಬಂದು, ಈ ಮೇಷ್ಟ್ರು ಯಾವ ಹಪ್ಪಳ ಒಣಗಿಸುತ್ತಿದ್ದಾರೆಂದು ಕೇಳಿ ನಗುತ್ತಿದ್ದರು. "ನಮ್ಮ ಹಪ್ಪಳ ಎಣ್ಣ್ಯಾಗಲ್ಲ, ನೀರಾಗ ಕರೀತೀವ್ರಿ ಬಾಯಿ," ಎಂದು ಹಣಮಂತ್ರಾಯರು ಅಪ್ಪಟ ವಿಜಯಪುರದ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು. ಆ ಹೆಂಗಸರಿಗೆ ಅರ್ಥವಾಗುತ್ತಿರಲಿಲ್ಲ, ಆದರೂ ಎಲ್ಲರೂ ನಗುತ್ತಿದ್ದರು. ಶನಿವಾರ, ಆದಿತ್ಯವಾರ ಬಂತೆಂದರೆ ಉಮಾವತಿಯ ಕಾಲು ತಾನಾಗಿ ಆ ಮೂರು ಮಾಳಿಗೆ ಹತ್ತುತ್ತಿತ್ತು. ತನ್ನ ಬದುಕಿನ ಒಳ್ಳೆಯ ದಿನಗಳು ಯಾವುವೆಂದು ಯಾರಾದರೂ ಕೇಳಿದ್ದರೆ, ಅವಳು ಮದುವೆಯ ದಿನವನ್ನಲ್ಲ, ಆ ಟೆರೇಸನ್ನೇ ಹೇಳುತ್ತಿದ್ದಳು.

"ಸರ್ ಮಾಡಿದ್ದೇ ಗಾಜು, ಅದೇ ಮೀಟರು," ಎಂದಳು ಈಗ. "ಕಲ್ಲವ್ವಕ್ಕ ನೀರು ಕಾಯಿಸಿ ಕೊಟ್ರು. ಮೂವತ್ತೆರಡು ಡಿಗ್ರಿಗೆ ಕರೆಂಟು ಒಂದು ಪಾಯಿಂಟ್ ಒಂದು. ನಲವತ್ತಕ್ಕೆ ಒಂದು ಪಾಯಿಂಟ್ ಮೂರು. ನಲವತ್ತೆಂಟಕ್ಕೆ ಒಂದು ಪಾಯಿಂಟ್ ಆರು. ಬಿಸಿ ಏರಿದ ಹಾಗೆ ಕರೆಂಟೂ ಏರ್ತದೆ. ಈ ಪುಸ್ತಕದಲ್ಲಿ ಎಂತ ಉಂಟು? ಬಿಸಿ ಏರಿದ ಹಾಗೆ ಇಳೀತದೆ! ಪುಟಪುಟವೂ ಇಳೀತದೆ!"

"ಇಳೀಬೇಕಲ್ರಿ ಮತ್ತ!" ಬಸವಕುಮಾರ್ ತಟ್ಟನೆ ಹೇಳಿದ. "ಬಿಸಿ ಆದ್ರ ಇಳೀತದ. ಮೇ ತಿಂಗಳದಾಗ ಗಿರಾಕಿಗಳು ದಿನಾ ಫೋನ್ ಮಾಡಿ ಬೈತಾರ, ಇಷ್ಟ ಬಿಸಿಲದ, ಪ್ಯಾನಲ್ ಯಾಕ ಕಡಿಮಿ ಕೊಡ್ತದ ಅಂತ. ನಾ ಹೇಳಿ ಹೇಳಿ ಸಾಕಾಗೇದ..."

ಅಲ್ಲಿಗೆ ಅವನ ಮಾತು ನಿಂತಿತು. ಉಮಾವತಿ ಸುಮ್ಮನೆ ಅವನ ಮುಖ ನೋಡುತ್ತಿದ್ದಳು. ಲ್ಯಾಬಿನಲ್ಲಿ ಇಳಿಸಿ ಬರೆದ ಹುಡುಗರನ್ನೂ ಅವಳು ಹೀಗೇ ನೋಡುತ್ತಿದ್ದದ್ದು.

"ಅದು ಪ್ಯಾನಲ್ಲಿನ ಮಾತು ಬಸು. ನಿನ್ನ ಈ ಸಿಲಿಕಾನ್ ಪ್ಯಾನಲ್ ಬಿಸಿಗೆ ಸೋಲ್ತದೆ. ತುಕ್ಕು ಹಾಗಲ್ಲ. ತುಕ್ಕಿನೊಳಗೆ ವಿದ್ಯುತ್ತು ಕುಂಟ್ಕೊಂಡು, ನಿಂತು ನಿಂತು ಹಾರಿ ಹೋಗುದು, ಸ್ವಲ್ಪ ಬಿಸಿ ತಾಗಿದ್ರೆ ಅದಕ್ಕೆ ಕಾಲು ಬರ್ತದೆ. ಸರ್ ನಂಗೆ ಹೇಳಿದ್ದೇ ಹೀಗೆ. ಬಿಸಿಗೆ ಕರೆಂಟು ಇಳೀತದೆ ಅಂತ ಕಣ್ಣು ಮುಚ್ಚಿ ಬರೆಯುವವ ಇಡೀ ಠಾಣೆ ಜಿಲ್ಲೆಯಲ್ಲಿ ಯಾರು? ಪ್ಯಾನಲ್ ಮಾರುವವ. ಅದರಲ್ಲೂ ಸರ್ ಅಕ್ಷರ ಬರುವವ."

ಬಸವಕುಮಾರ್ ಈಗ ಕುಳಿತ. ನಲವತ್ತು ದಾಟಿದ ಗಂಡಸು, ಕಣ್ಣಲ್ಲಿ ನೀರು ತಂದುಕೊಂಡ.

"ಬರದೀನ್ರಿ ಅಕ್ಕಾರ. ನಾನೇ ಬರದೀನಿ."

ಗೆದ್ದೆನೆಂದು ಅನಿಸಬೇಕಿತ್ತು. ಪತ್ರ ತೆಗೆದು ಮುಂದಿಟ್ಟರೆ ಅವನು ಸಹಿ ಹಾಕುತ್ತಿದ್ದ, ಸ್ನೇಹಲ್ ಉಳಿಯುತ್ತಿದ್ದಳು, ಹಣಮಂತ್ರಾಯರ ಹೆಸರೂ ಉಳಿಯುತ್ತಿತ್ತು. ಆದರೆ ನಿನ್ನೆಯಿಂದ ಇನ್ನೊಂದು ವಿಷಯ ಉಮಾವತಿಯ ತಲೆ ಕೊರೆಯುತ್ತಿತ್ತು. ಅವಳು ಪುಸ್ತಕ ಬಿಡಿಸಿ, ಬಿಸಿಯ ಅಂಕಿಗಳ ಸಾಲಿನ ಮೇಲೆ ಬೆರಳಿಟ್ಟಳು.

"ಕರೆಂಟಿನ ಸಾಲು ನಿನ್ನ ತಲೆಯಿಂದ ಬಂತು, ಸರಿ. ಈ ಬಿಸಿಯ ಸಾಲು ಎಲ್ಲಿಂದ ಬಂತು?"

"ಅದೂ ನಾನೇ..."

"ಅಲ್ಲ. ನೋಡು ಇಲ್ಲಿ. ಸೋಮವಾರ, ಬುಧವಾರ: ಮೂವತ್ತೆಂಟು, ನಲವತ್ತೆರಡು, ಐವತ್ತು. ಎಲ್ಲ ಇಡಿ ಇಡಿ ಅಂಕಿ. ಶನಿವಾರ, ಆದಿತ್ಯವಾರ: ಮೂವತ್ತೇಳೂವರೆ, ನಲವತ್ತೊಂದೂವರೆ, ಐವತ್ತೆರಡೂವರೆ. ವಾರದ ದಿನ ಥರ್ಮಾಮೀಟರ್ ನೋಡ್ತಿದ್ದದ್ದು ಸರ್. ಅವರಿಗೆ ಅರ್ಧ ಕಾಣ್ತಿರಲಿಲ್ಲ, ಕನ್ನಡಕ ಹಾಗಿತ್ತು. ರಜೆಯ ದಿನ ನೋಡ್ತಿದ್ದದ್ದು ನಾನು. ಅರ್ಧ ಡಿಗ್ರಿ ಕೂಡ ನಾನು ಬಿಡ್ತಿರಲಿಲ್ಲ. 'ಉಮಾವತಿ ಅರ್ಧಕ್ಕೂ ಜಗಳ ತೆಗೀತಾಳ' ಅಂತ ಸರ್ ತಮಾಷೆ ಮಾಡ್ತಿದ್ರು. ಇದು ನಿಂಗೆ ಗೊತ್ತಿರ್ಲಿಕ್ಕೆ ಸಾಧ್ಯವೇ ಇಲ್ಲ. ಈ ಸಾಲು ಅಸಲು ಪುಸ್ತಕದ್ದು. ಅಸಲು ಪುಸ್ತಕ ಎದುರಿಗಿಟ್ಟುಕೊಂಡೇ ಬರೆದದ್ದು ಇದು. ಎಲ್ಲುಂಟು ಅದು?"

"ನಾ ನೋಡೇ ಇಲ್ರಿ ಅದನ್ನ. ಕಾಕಾನ ಆಣೆ."

"ಮತ್ತೆ?"

"ಓದಿ ಹೇಳಿದ್ರು, ಬರದೆ. ತಾರೀಖು, ಟೈಮು, ಬಿಸಿ. ಕರೆಂಟಿಂದ ನಿಮಗ ತಿಳಿದಂಗ ತುಂಬ್ರಿ ಅಂದ್ರು. ಕಾಕಾನ ಮರ್ಯಾದಿ ಉಳೀತದ ಅಂದ್ರು. ನಾನೂ ತುಂಬಿದೆ."

"ಯಾರು ಓದಿ ಹೇಳಿದ್ದು?"

ಬಸವಕುಮಾರ್ ತಲೆ ಎತ್ತಿ, ಶೆಡ್ಡಿನ ಬಾಗಿಲಿನಾಚೆ, ರಸ್ತೆಯ ಎದುರಿಗಿದ್ದ ಚಹಾದ ಟಪರಿ ಅಂಗಡಿಯ ಕಡೆ ನೋಡಿದ. ಅಲ್ಲಿ ನಿಂತ ರಿಕ್ಷಾದ ಒಳಗೆ ಕೂತು ಅರ್ಧ ಗ್ಲಾಸಿನ ಕಟಿಂಗ್ ಚಹಾ ಕುಡಿಯುತ್ತಿದ್ದವಳು ಸ್ನೇಹಲ್. ಈ ಮನುಷ್ಯನ ಮುಖ ನೋಡಲಾರೆ, ಹೊರಗೇ ಇರುತ್ತೇನೆ ಎಂದು ಅವಳೇ ಹೇಳಿದ್ದಳು.

"ಸುಳ್ಳು," ಎಂದಳು ಉಮಾವತಿ.

"ನನಗ್ಯಾಕ್ರಿ ಸುಳ್ಳು? ಆಕಿನೇ ಇಲ್ಲೆ ಬಂದು, ನೀವು ಕೂತೀರಲ್ಲ, ಅದೇ ಖುರ್ಚಿ ಮ್ಯಾಲ ಕೂತು ಎರಡು ದಿನ ಓದ್ಯಾಳ."

ಉಮಾವತಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಪತ್ರವನ್ನು ಚೀಲದಿಂದ ತೆಗೆಯಲೇ ಇಲ್ಲ.

ಅವಳು ಹತ್ತಿದೊಡನೆ ರಿಕ್ಷಾ ಹೊರಟಿತು. ಠಾಣೆ ಸ್ಟೇಷನ್ನಿಗೆ ಹೋಗಿ ಮೂರೂವರೆಯ ನೆರೂಳ್ ಗಾಡಿ ಹಿಡಿದರೆ ಸಮಿತಿಗೆ ಸಮಯಕ್ಕೆ ಮುಟ್ಟಬಹುದಿತ್ತು. ಸ್ನೇಹಲ್ ಅವಳ ಕಡೆ ತಿರುಗಿ ಕೂತಳು. ಇಪ್ಪತ್ತೊಂಬತ್ತು ವರ್ಷದ ಹುಡುಗಿ, ಹುಟ್ಟಿ ಬೆಳೆದದ್ದೆಲ್ಲ ಮುಂಬೈ ಬದಿಯ ಕಲ್ಯಾಣದಲ್ಲಿ. ಮನೆಯಲ್ಲಿ ಕನ್ನಡ ಕೇಳಿ ಹಿಂದಿಯಲ್ಲಿ ಉತ್ತರ ಕೊಟ್ಟು ಅಭ್ಯಾಸ. ಲ್ಯಾಬಿನಲ್ಲಿ ಎಲ್ಲರ ಹಾಗೆ ಅವಳಿಗೂ ಉಮಾವತಿ ಮಾವಶಿಯೇ, ಚಿಕ್ಕಮ್ಮನೇ.

"ಹೋ ಗಯಾ ಮಾವಶಿ? ಸಹಿ ಮಾಡಿದ್ನಾ?"

"ಅಸಲು ಪುಸ್ತಕ ಎಲ್ಲುಂಟು ಸ್ನೇಹಲ್?"

ಸ್ನೇಹಲ್ ನಗಲು ನೋಡಿದಳು, ಆಗಲಿಲ್ಲ. "ಉಸ್ನೇ ಬೋಲಾ?"

"ಅವನು ಹೇಳುವ ಮೊದಲೇ ಅಂಕಿ ಹೇಳಿತು. ಅರ್ಧ ಡಿಗ್ರಿಗಳನ್ನೆಲ್ಲ ಹಾಗೇ ಓದಿ ಹೇಳಿದ್ದೀಯಲ್ಲ."

"ಅರ್ಧದ್ದು ನಂಗೆ ಗೊತ್ತಿರಲಿಲ್ಲ." ಸ್ನೇಹಲ್ ಮೊದಲ ಸಲ ಪೂರ್ತಿ ಕನ್ನಡದಲ್ಲಿ ಮಾತಾಡಿದಳು. "ಉಲ್ಟಾ ಲಿಖೇಗಾ, ಗೊತ್ತಿತ್ತು ನಂಗೆ," ಎಂದಳು. "ಅವನು ಪ್ಯಾನಲ್‌ವಾಲಾ. ಉಲ್ಟಾ ಬರೀತಾನೆ, ಮತ್ತೆ ನೀವು ಹಿಡೀತೀರಿ. ಸಿರ್ಫ್ ನೀವೇ. ಕಮಿಟಿಯಲ್ಲಿ ಯಾರಿಗೂ ಆಗೋದಿಲ್ಲ."

ಉಮಾವತಿಗೆ ಮೈಯೆಲ್ಲ ಉರಿಯಿತು. ಮೂರು ವಾರದಿಂದ ಅವಳು ಹಿಡಿದದ್ದು ಕಳ್ಳನನ್ನಲ್ಲ, ತನಗಾಗಿ ಯಾರೋ ಇಟ್ಟಿದ್ದ ದಾರಿಯನ್ನು! ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು.

"ಹಿಡಿದ್ರೆ ನಿಂಗೆ ಎಂತ ಲಾಭ?"

"ಪುಸ್ತಕ ಇಲ್ಲ ಅಂದ್ರೆ, ಇರಲೇ ಇಲ್ಲ, ರೀಡಿಂಗ್ ಎಲ್ಲ ಮನಸ್ಸಿಂದ ಬರೆದದ್ದು ಅಂತಾರೆ. ಯಾರೋ ಕದ್ದು ನಕಲಿ ಇಟ್ಟಿದಾರೆ ಅಂದ್ರೆ, ಅಸಲಿ ಇತ್ತು ಅಂತ ಆಗ್ತದೆ ನಾ? ಅಸಲಿ ಸಿಗೋದಿಲ್ಲ, ಕೇಸ್ ಬಂದ್."

"ಅಸಲಿಯನ್ನೇ ಕೊಡ್ಬಹುದಿತ್ತಲ್ಲ ಹುಡುಗಿ! ಅದರಲ್ಲಿ ಕರೆಂಟು ಏರ್ತದೆ. ನಾನೇ ಮೊನ್ನೆ ನೋಡಿದ್ದೇನೆ."

ಸ್ನೇಹಲ್ ಲ್ಯಾಪ್‌ಟಾಪ್ ಬ್ಯಾಗಿನ ಒಳಜಿಪ್ ತೆಗೆದು, ಒಂದು ಹಸಿರು ರಟ್ಟಿನ ಪುಸ್ತಕವನ್ನು ಉಮಾವತಿಯ ತೊಡೆಯ ಮೇಲಿಟ್ಟಳು. ಮೂಲೆಗಳು ಸವೆದಿದ್ದವು, ರಟ್ಟಿನ ಮೇಲೆ ಸೋಡಾಕ್ಷಾರ ಬಿದ್ದು ಬಣ್ಣ ಹೋದ ಮಚ್ಚೆಗಳಿದ್ದವು. ಇದು ಸಾಚಾ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಉಮಾವತಿಯ ಕೈ ತಾನಾಗಿ ಅದನ್ನು ಒಮ್ಮೆ ಸವರಿತು.

"ಲಾಸ್ಟ್‌ಕಾ ಪೇಜ್," ಎಂದಳು ಸ್ನೇಹಲ್.

ಕೊನೆಯ ಪುಟ. ಇಪ್ಪತ್ತೆರಡನೇ ಮೇ, ಎರಡು ಸಾವಿರದ ಐದು, ಆದಿತ್ಯವಾರ.

ಆ ದಿನ ಉಮಾವತಿಗೆ ಚೆನ್ನಾಗಿ ನೆನಪಿತ್ತು. ಅವತ್ತು ಹಣಮಂತ್ರಾಯರು ಎಪ್ಪತ್ತು ಡಿಗ್ರಿಯ ತನಕ ಹೋಗಿಬಿಡೋಣ ಎಂದಿದ್ದರು. ಕಲ್ಲವ್ವ ಕುದಿಯುವ ನೀರನ್ನು ಹೊತ್ತು ಹತ್ತು ಸಲ ಮೆಟ್ಟಿಲು ಹತ್ತಿದ್ದಳು. ಇಬ್ಬರಿದ್ದ ದಿನ ಥರ್ಮಾಮೀಟರ್ ನೋಡುವವರು ಮೀಟರು ನೋಡಬಾರದು, ಬೇಕಾದ ಅಂಕಿ ಬರಲಿ ಎಂದು ಕಣ್ಣಿಗೆ ಆಸೆ ಹುಟ್ಟುತ್ತದೆ ಎನ್ನುವುದು ಹಣಮಂತ್ರಾಯರು ಹಾಕಿದ ಕಟ್ಟಳೆ. ಅದಕ್ಕೆ ಉಮಾವತಿ ಅವರಿಗೆ ಬೆನ್ನು ಹಾಕಿ ಕೂತು ಡಿಗ್ರಿ ಕೂಗುತ್ತಿದ್ದಳು, ಅವರು ಮೀಟರು ನೋಡಿ ಬರೆದುಕೊಳ್ಳುತ್ತಿದ್ದರು. "ಐವತ್ತಾರೂವರೆ!" ಎಂದಳು ಅವಳು. ಹಿಂದಿನಿಂದ ಬಹಳ ಹೊತ್ತು ಸದ್ದೇ ಬರಲಿಲ್ಲ. ಆಮೇಲೆ, "ಏರೇದ ಉಮಾವತಿ, ಏರೇದ!" ಎಂದು ಕೂಗಿದರು. ಅವಳು ಚಪ್ಪಾಳೆ ತಟ್ಟಿದಳು. ಸಂಜೆ ಅವರು ಎಲ್ಲರನ್ನೂ ಕೆಳಗೆ ಕರೆದುಕೊಂಡು ಹೋಗಿ, ರಸವಂತಿಯಲ್ಲಿ ಶುಂಠಿ ಹಾಕಿದ ಕಬ್ಬಿನ ಹಾಲು ಕುಡಿಸಿದರು. ಅಷ್ಟು ಸಂತೋಷದ ದಿನ ಇನ್ನೊಂದಿರಲಿಲ್ಲ. ಮರುವರ್ಷ ಆ ಅಂಕಿಗಳು ಪತ್ರಿಕೆಯಲ್ಲಿ ಅಚ್ಚಾದವು, ಎಷ್ಟೋ ವರ್ಷಗಳ ಮೇಲೆ ಅವನ್ನೇ ತಳಪಾಯ ಮಾಡಿಕೊಂಡು ಸ್ನೇಹಲ್ ತನ್ನ ಪ್ರಬಂಧ ಬರೆದಳು.

ಪುಟದಲ್ಲಿ ಐವತ್ತಾರೂವರೆಯ ಎದುರಿಗೆ ಮೊದಲು ಬರೆದದ್ದು ಒಂದು ಪಾಯಿಂಟ್ ಎರಡು. ಅದರ ಮೇಲೆ ಒಂದು ಗೀಟು, ಪಕ್ಕದಲ್ಲಿ ಎರಡು ಪಾಯಿಂಟ್ ಒಂದು. ಅರವತ್ತೊಂದೂವರೆಗೆ ಸೊನ್ನೆ ಪಾಯಿಂಟ್ ಎಂಟು; ಗೀಟು; ಎರಡು ಪಾಯಿಂಟ್ ನಾಲ್ಕು. ಅರವತ್ತೆಂಟೂವರೆಗೆ ಸೊನ್ನೆ ಪಾಯಿಂಟ್ ಮೂರು; ಗೀಟು; ಎರಡು ಪಾಯಿಂಟ್ ಏಳು. ಕೆಳಗೆ ಒಂದು ಸಾಲು, ಅದನ್ನೂ ಹೊಡೆದು ಹಾಕಿದ್ದರೂ ಓದಲು ಬರುತ್ತಿತ್ತು: "ಪದರ ಕಿತ್ತು ಬರುತ್ತಿದೆ. ಗಾಜು ಬಿಳಿಯಾಗುತ್ತಿದೆ."

ಅಕ್ಷರ ಹಣಮಂತ್ರಾಯರದೇ. ಈ ಸಲ ಬಸವಕುಮಾರನದಲ್ಲ. ಉಮಾವತಿ ಎರಡು ಸಲ ಓದಿದಳು, ಮೂರನೆಯ ಸಲ ಓದಲು ಅಕ್ಷರ ಕಾಣಲಿಲ್ಲ.

"ಅವರು ನನಗೆ ಸುಳ್ಳು ಹೇಳಿದ್ರು," ಎಂದಳು. ಸ್ನೇಹಲಳಿಗೆ ಹೇಳಿದ್ದಲ್ಲ ಅದು.

"ಕಲ್ಲವ್ವ ಆಜಿ ಮನೆಯಿಂದ ಪುಸ್ತಕ ತಂದ ದಿನ ನಾನೂ ಅತ್ತಿದ್ದೆ ಮಾವಶಿ. ಇದು ಹೊರಗೆ ಬಂದ್ರೆ ನನ್ನ ಪಿಎಚ್‌ಡಿ ಹೋಗ್ತದೆ, ಆದ್ರೆ ಸರ್ ಪೂರ್ತಿ ಹೋಗ್ತಾರೆ. ನಾನು ಅವರನ್ನ ಬಚಾವ್ ಮಾಡಿದೆ."

"ನಿನ್ನನ್ನೂ."

"ಹಾಂ. ಮುಝೇ ಭೀ." ಸ್ನೇಹಲ್ ಕಣ್ಣು ತಪ್ಪಿಸಲಿಲ್ಲ. "ನೀವು ಬರೆದ ಪತ್ರದಲ್ಲಿ ಸುಳ್ಳು ಏನಿದೆ ಹೇಳಿ? ನಕಲಿ ಪುಸ್ತಕ ನಕಲಿನೇ. ಒಂದು ಸಹಿ ಮಾಡಿ, ಬಸ್. ಇದನ್ನ ನಾನು ಇವತ್ತೇ ಖಾಡಿಯ ನೀರಲ್ಲಿ ಬಿಡ್ತೇನೆ. ನಿಮ್ಮ ಟೆರೇಸ್ ನಿಮಗೆ ಹಾಗೇ ಇರ್ತದೆ."

ತೀನ್ ಹಾತ್ ನಾಕಾದಲ್ಲಿ ಕೆಂಪು ದೀಪ ಬಿದ್ದು ರಿಕ್ಷಾ ನಿಂತಿತು. ಉಮಾವತಿ ಆ ಮಾತನ್ನು ಒಪ್ಪಿಬಿಡಲು ಎಷ್ಟು ಆಸೆಪಟ್ಟಳೆಂದರೆ, ಅವಳಿಗೆ ತನ್ನ ಮೇಲೆಯೇ ಹೆದರಿಕೆಯಾಯಿತು. ಕಲ್ಲವ್ವನಿಗೆ ಏನು ಹೇಳುವುದು? ಆ ಹತ್ತು ಸಲ ಹತ್ತಿದ ಮೆಟ್ಟಿಲಿಗೆ ಏನು ಹೇಳುವುದು? ಸತ್ತವರ ಹೆಸರು, ಬದುಕಿರುವ ಹುಡುಗಿಯ ಹೊಟ್ಟೆಪಾಡು, ಎರಡೂ ಒಂದು ಸಹಿಯಲ್ಲಿ ಉಳಿಯುತ್ತಿದ್ದವು.

ಆಗ ಫೋನು ಬಡಿದುಕೊಂಡಿತು. ಸಮಿತಿಯ ಮುಖ್ಯಸ್ಥ ಜಯೇಶ್.

"ಉಮಾವತಿಬಾಯಿ, ನಾವು ನಿಮಗೇ ಕಾಯ್ತಾ ಇದೇವೆ. ಪುಸ್ತಕ ನಕಲಿ ಅಂತ ಗ್ಯಾರಂಟಿ ಆಯ್ತಾ? ಹಾಗಿದ್ರೆ ಫೈಲ್ ಮುಚ್ಚಿ ಬಿಡ್ತೇವೆ. ಹುಡುಗಿ ಪಾರು."

ಸ್ನೇಹಲ್ ಅವಳ ತುಟಿಯನ್ನೇ ನೋಡುತ್ತಿದ್ದಳು.

"ಹೌದು ಸರ್, ಅದು ನಕಲಿ," ಎಂದಳು ಉಮಾವತಿ. ತೊಡೆಯ ಮೇಲಿನ ಪುಸ್ತಕವನ್ನು ಮುಚ್ಚಿದಳು. "ಆದ್ರೆ ಫೈಲ್ ಈಗಲೇ ಮುಚ್ಬೇಡಿ. ನಾನು ಎರಡು ಪುಸ್ತಕ ತರ್ತಾ ಇದ್ದೇನೆ."

ಹಸಿರು ದೀಪ ಬಿತ್ತು, ರಿಕ್ಷಾ ಜಗ್ಗಿ ಮುಂದೆ ಹೋಯಿತು. ಸ್ನೇಹಲ್ ಎರಡೂ ಕೈಯಿಂದ ಅಸಲು ಪುಸ್ತಕ ಹಿಡಿದೆಳೆದಳು, ಉಮಾವತಿ ಫೋನು ಕೈಬಿಟ್ಟು ಇನ್ನೊಂದು ತುದಿ ಹಿಡಿದಳು, ಮತ್ತು ಆ ಹಳೆಯ ಹೊಲಿಗೆ ಇಬ್ಬರ ನಡುವೆ ಬಿಚ್ಚತೊಡಗಿತು.